ಮೈನೆರೆಯುವ ವಯಸ್ಸಿಗೂ ಮೊದಲ ಆರು ವರ್ಷದ ತೂಕಕ್ಕೂ ಏನು ನಂಟು?

1970, 80ರ ದಶಕಗಳಲ್ಲಿ ಭಾರತದ ಅನಾಥಾಲಯಗಳಿಂದ ಬಹಳ ಮಕ್ಕಳು ಸ್ವೀಡನ್ನಿಗೆ ದತ್ತು ಹೋದರು. ಅಲ್ಲಿ ಇಳಿದಾಗ ಅವರಲ್ಲಿ ಅನೇಕರು ವಯಸ್ಸಿಗೆ ತಕ್ಕಷ್ಟು ಬೆಳೆದಿರಲಿಲ್ಲ. ಕುಳ್ಳಗಿದ್ದರು, ಸೊರಗಿದ್ದರು. ಹೊಸ ಮನೆಯಲ್ಲಿ ಹೊಟ್ಟೆ ತುಂಬ ಊಟ ಸಿಕ್ಕಿತು, ಕಾಯಿಲೆಗಳಿಗೆ ಔಷಧಿ ಸಿಕ್ಕಿತು. ಸ್ವಲ್ಪ ಕಾಲದಲ್ಲೇ ಮಕ್ಕಳು ಮೈ ತುಂಬಿಕೊಂಡರು, ಎತ್ತರವೂ ಏರಿತು. ಇಲ್ಲಿಯವರೆಗೆ ಎಲ್ಲ ಒಳ್ಳೆಯದೇ. ಆದರೆ ಇವರಲ್ಲಿ ಹೆಣ್ಣುಮಕ್ಕಳು ಬೇಗ ಮೈನೆರೆಯುತ್ತಿರುವುದು ಅಲ್ಲಿನ ವೈದ್ಯರ ಕಣ್ಣಿಗೆ ಬಿತ್ತು.

ಉಪ್ಸಾಲಾದ ಮಕ್ಕಳ ವೈದ್ಯರ ತಂಡವೊಂದು ಹೀಗೆ ಬಂದ 107 ಭಾರತೀಯ ಹುಡುಗಿಯರ ಲೆಕ್ಕ ಇಟ್ಟು 1991ರಲ್ಲಿ ಪ್ರಕಟಿಸಿತು. ಇವರು ಮೊದಲ ಸಲ ಮುಟ್ಟಾದ ವಯಸ್ಸಿನ ಮಧ್ಯಾಂಕ 11.6 ವರ್ಷ. ಒಬ್ಬಳು ಏಳು ವರ್ಷ ದಾಟಿದ ಕೆಲವೇ ತಿಂಗಳಿಗೆ ಮುಟ್ಟಾಗಿದ್ದಳು. ಆ ಕಾಲದ ಸ್ವೀಡನ್ ಹುಡುಗಿಯರಲ್ಲಿ ಇದು ಸುಮಾರು 13 ವರ್ಷ. ಭಾರತದಲ್ಲೇ ಅನುಕೂಲವಂತರ ಮನೆಯಲ್ಲಿ ಬೆಳೆದ ಹುಡುಗಿಯರಲ್ಲಿ 12.4ರಿಂದ 12.9.

ಈ ಮೂರು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ವಂಶವಾಹಿಯೇ ಕಾರಣವಾಗಿದ್ದರೆ ಭಾರತದಲ್ಲೇ ಉಳಿದ ಹುಡುಗಿಯರೂ ಅಷ್ಟೇ ಬೇಗ ಮೈನೆರೆಯಬೇಕಿತ್ತು. ಸ್ವೀಡನ್ನಿನ ಊಟವೇ ಕಾರಣವಾಗಿದ್ದರೆ ಸ್ವೀಡನ್ ಹುಡುಗಿಯರೂ ಹಾಗೇ ಆಗಬೇಕಿತ್ತು. ಎರಡೂ ಆಗಲಿಲ್ಲ. ಬಂದಾಗ ಯಾರು ಹೆಚ್ಚು ಕುಳ್ಳಗಿದ್ದು, ಆಮೇಲೆ ಯಾರು ತೀರಾ ಬೇಗ ಬೆಳೆದರೋ ಅವರೇ ಎಲ್ಲರಿಗಿಂತ ಮೊದಲು ಮುಟ್ಟಾಗಿದ್ದರು. ಎಳವೆಯಲ್ಲಿ ಕೊರತೆ, ನಂತರ ಒಮ್ಮೆಲೇ ಭರ್ತಿ. ಈ ಜೋಡಿಯೇ ಅವರ ಮೈಯ ಗಡಿಯಾರವನ್ನು ಮುಂದಕ್ಕೆ ತಳ್ಳಿತ್ತು.

ನಮ್ಮ ಮನೆಗಳಲ್ಲಿ ಈ ವಿಷಯ ಬರುವುದು ಬೇರೆ ರೀತಿಯಲ್ಲಿ. ಮಗಳು ನಾಲ್ಕನೇ ಕ್ಲಾಸಿನಲ್ಲಿರುತ್ತಾಳೆ. ಸ್ನಾನ ಮಾಡಿಸುವಾಗ ಅಮ್ಮನ ಕೈಗೆ ಎದೆಯಲ್ಲಿ ಸಣ್ಣ ಗಂಟು ಸಿಗುತ್ತದೆ. ಅಲ್ಲಿಂದ ಶುರು: ದಪ್ಪ ಇದ್ದಾಳೆ ಅದಕ್ಕೇ, ಫಾರಂ ಕೋಳಿ ತಿಂದಿದ್ದಕ್ಕೇ, ಇನ್ನು ಮೇಲೆ ತುಪ್ಪ ಕೊಡಬೇಡ. ಒಂಬತ್ತು ವರ್ಷದ ಮಗುವಿನ ತಟ್ಟೆಯ ಮೇಲೆ ಎಲ್ಲರ ಕಣ್ಣು ಬೀಳುತ್ತದೆ. ಆ ಕಣ್ಣು ಬೀಳಬೇಕಾಗಿದ್ದದ್ದು ಅವಳಿಗೆ ಎರಡು, ಮೂರು, ಐದು ವರ್ಷವಾಗಿದ್ದಾಗ. ತೂಕಕ್ಕೂ ಮೈನೆರೆಯುವುದಕ್ಕೂ ಇರುವ ನಂಟು ನಿಜ. ಆದರೆ ಅದರ ಬಹುಪಾಲು ಎದೆಯ ಗಂಟು ಕಾಣುವ ಹೊತ್ತಿಗೆ ಆಗಿ ಮುಗಿದಿರುತ್ತದೆ.

ಮೊದಲು ಏನು, ಆಮೇಲೆ ಏನು

ಮುಟ್ಟಾದ ದಿನವನ್ನು ನಾವು 'ದೊಡ್ಡವಳಾದ ದಿನ' ಎನ್ನುತ್ತೇವೆ. ದೇಹದ ಲೆಕ್ಕದಲ್ಲಿ ಅದು ಕೊನೆಯ ಹಂತಗಳಲ್ಲಿ ಒಂದು. ಕೆಲಸ ಶುರುವಾಗಿರುವುದು ಅದಕ್ಕೆ ಎರಡು, ಎರಡೂವರೆ ವರ್ಷ ಮೊದಲು. ಹೆಚ್ಚಿನ ಹುಡುಗಿಯರಲ್ಲಿ ಮೊದಲು ಕಾಣುವುದು ಎದೆಯ ಮೊಗ್ಗು. ಹಲವು ಸಲ ಒಂದೇ ಕಡೆ ಬರುತ್ತದೆ, ಮುಟ್ಟಿದರೆ ನೋಯುತ್ತದೆ. ಇನ್ನೊಂದು ಕಡೆ ಕೆಲವು ತಿಂಗಳು ತಡವಾಗಿ ಬರಬಹುದು. ಒಂದೇ ಕಡೆ ಗಂಟು ಎಂದು ಕ್ಯಾನ್ಸರ್ ಹೆದರಿಕೆಯಲ್ಲಿ ರಾತ್ರಿ ನಿದ್ದೆಗೆಟ್ಟ ತಾಯಂದಿರು ಎಷ್ಟೋ. ಈ ವಯಸ್ಸಿನಲ್ಲಿ ಅದು ಸಹಜ ಬೆಳವಣಿಗೆ. ಯಾರೋ ಹೇಳಿದರೆಂದು ಅದನ್ನು ಕುಯ್ಯಿಸಲು ಮಾತ್ರ ಹೋಗಬಾರದು. ಮೊಗ್ಗು ಹೋದರೆ ಆ ಕಡೆ ಸ್ತನವೇ ಬೆಳೆಯುವುದಿಲ್ಲ.

ಮೊಗ್ಗು ಬಂದ ಮೇಲೆ ಕೂದಲು, ಬೆವರಿನ ವಾಸನೆ, ಸರಸರನೆ ಏರುವ ಎತ್ತರ. ಎತ್ತರದ ಓಟ ನಿಧಾನವಾಗುವ ಹೊತ್ತಿಗೆ ಮುಟ್ಟು. ಅದಾದ ಮೇಲೆ ಸಾಮಾನ್ಯವಾಗಿ ಇನ್ನು ಐದರಿಂದ ಏಳು ಸೆಂಟಿಮೀಟರ್ ಎತ್ತರ ಮಾತ್ರ ಬಾಕಿ.

ಈ ಹಂತಗಳನ್ನು ಅಳೆಯುವ ಕ್ರಮವನ್ನು ಜಗತ್ತಿಗೆ ಕೊಟ್ಟವರು ಇಂಗ್ಲೆಂಡಿನ ಜೇಮ್ಸ್ ಟ್ಯಾನರ್. ಲಂಡನ್ ಹತ್ತಿರದ ಹಾರ್ಪೆಂಡೆನ್ ಊರಿನ ಮಕ್ಕಳ ಆಶ್ರಮವೊಂದರಲ್ಲಿ 192 ಹುಡುಗಿಯರನ್ನು ವರ್ಷಗಟ್ಟಲೆ ಗಮನಿಸಿ ಅವರೂ ಮಾರ್ಷಲ್ ಎಂಬ ಸಹೋದ್ಯೋಗಿಯೂ 1969ರಲ್ಲಿ ಬರೆದ ಲೆಕ್ಕವನ್ನು ಇವತ್ತಿಗೂ ವೈದ್ಯರು ಬಳಸುತ್ತಾರೆ. ಆ ಹುಡುಗಿಯರಲ್ಲಿ ಎದೆಯ ಬೆಳವಣಿಗೆ ಸರಾಸರಿ 11.15 ವರ್ಷಕ್ಕೆ ಶುರುವಾಗಿತ್ತು. ಮುಟ್ಟು ಬಂದದ್ದು 13.47ಕ್ಕೆ.

ಈಗ ಡೆನ್ಮಾರ್ಕಿನ ಕೋಪನ್‌ಹೇಗನ್‌ಗೆ ಬನ್ನಿ. 1990ರ ದಶಕದ ಶುರುವಿನಲ್ಲಿ ಅಲ್ಲಿನ ಹುಡುಗಿಯರಿಗೆ ಎದೆ ಬೆಳೆಯಲು ಶುರುವಾಗುತ್ತಿದ್ದದ್ದು ಸರಾಸರಿ 10.88 ವರ್ಷಕ್ಕೆ. 2006ರಿಂದ 2008ರ ನಡುವೆ ಮತ್ತೆ ಅಳೆದಾಗ 9.86. ಹದಿನೈದೇ ವರ್ಷದಲ್ಲಿ ಒಂದು ವರ್ಷ ಹಿಂದೆ ಸರಿದಿತ್ತು. ಮುಟ್ಟು ಬರುವ ವಯಸ್ಸು ಮಾತ್ರ 13.42ರಿಂದ 13.13ಕ್ಕೆ, ಅಂದರೆ ಮೂರೂವರೆ ತಿಂಗಳಷ್ಟೇ ಇಳಿದಿತ್ತು. ಶುರುವಾಗುವುದು ಬೇಗ, ಮುಗಿಯುವುದು ಹೆಚ್ಚುಕಡಿಮೆ ಮೊದಲಿನ ಹೊತ್ತಿಗೇ. ನಡುವಿನ ದಾರಿ ಉದ್ದವಾಗಿದೆ. ಮಗಳ ಎದೆ ಒಂಬತ್ತಕ್ಕೆ ಬೆಳೆಯತೊಡಗಿದರೆ ಮುಂದಿನ ತಿಂಗಳೇ ಮುಟ್ಟಾಗಿಬಿಡುತ್ತಾಳೆ ಎಂದು ಹೆದರುವವರು ಇದನ್ನು ನೆನಪಿಟ್ಟುಕೊಂಡರೆ ಒಳ್ಳೆಯದು.

ಮಿದುಳು ಯಾವಾಗ ಹೂಂ ಅನ್ನುತ್ತದೆ?

ಮೈನೆರೆಯುವ ವ್ಯವಸ್ಥೆ ಹುಟ್ಟಿನಿಂದಲೇ ತಯಾರಾಗಿರುತ್ತದೆ. ಎಳೆಗೂಸಿನ ಮೊದಲ ತಿಂಗಳುಗಳಲ್ಲಿ ಅದು ಒಮ್ಮೆ ಕೆಲಸ ಮಾಡಿಯೂ ಇರುತ್ತದೆ. ಆಮೇಲೆ ಮಿದುಳು ಅದನ್ನು ಅದುಮಿಟ್ಟು ಮಲಗಿಸುತ್ತದೆ. ವರ್ಷಗಳ ನಂತರ ಹೈಪೊಥಲಾಮಸ್ ಎಂಬ ಭಾಗದಿಂದ ಒಂದು ಹಾರ್ಮೋನು ಬಿಟ್ಟುಬಿಟ್ಟು ಹೊಮ್ಮತೊಡಗುತ್ತದೆ. ಮೊದಮೊದಲು ರಾತ್ರಿ ನಿದ್ದೆಯಲ್ಲಿ ಮಾತ್ರ. ಅದು ಪಿಟ್ಯುಟರಿ ಗ್ರಂಥಿಯನ್ನು ಎಬ್ಬಿಸುತ್ತದೆ, ಪಿಟ್ಯುಟರಿ ಅಂಡಾಶಯವನ್ನು ಎಬ್ಬಿಸುತ್ತದೆ, ಅಂಡಾಶಯ ಈಸ್ಟ್ರೋಜನ್ ಮಾಡುತ್ತದೆ. ಈ ಸರಣಿಯ ಮೊದಲ ಕೊಂಡಿಯನ್ನು ಎಳೆಯುವುದು ಕಿಸ್‌ಪೆಪ್ಟಿನ್ ಎಂಬ ಇನ್ನೊಂದು ಅಣು. ಇದರ ಸಂಕೇತ ಹಿಡಿಯುವ ವ್ಯವಸ್ಥೆ ಕೆಟ್ಟವರು ಮೈನೆರೆಯುವುದೇ ಇಲ್ಲ ಎಂದು 2003ರಲ್ಲಿ ಫ್ರಾನ್ಸಿನ ಮತ್ತು ಅಮೆರಿಕದ ಎರಡು ತಂಡಗಳು ಬೇರೆಬೇರೆಯಾಗಿ ಕಂಡುಕೊಂಡವು.

ಇಲ್ಲಿ ತೂಕ ಎಲ್ಲಿಂದ ಬಂತು? ಬಸಿರು, ಬಾಣಂತನ, ಹಾಲೂಡಿಸುವುದು ಇವೆಲ್ಲ ಬಹಳ ಶಕ್ತಿ ಬೇಡುವ ಕೆಲಸ. ಕಣಜದಲ್ಲಿ ಧಾನ್ಯ ಎಷ್ಟಿದೆ ಎಂದು ನೋಡಿಯೇ ಮನೆಯವರು ಮದುವೆಗೆ ಮುಹೂರ್ತ ಇಡುವ ಹಾಗೆ, ದೇಹವೂ ತನ್ನ ಸಂಗ್ರಹವನ್ನು ನೋಡಿಕೊಳ್ಳುತ್ತದೆ. ಅಮೆರಿಕದ ರೋಸ್ ಫ್ರಿಷ್ 1970ರ ಹೊತ್ತಿಗೆ ಈ ಯೋಚನೆಯನ್ನು ಮುಂದಿಟ್ಟರು. ಹುಡುಗಿಯ ತೂಕ ಸುಮಾರು 47 ಕೆಜಿ ಮುಟ್ಟಿದಾಗ ಮುಟ್ಟು ಬರುತ್ತದೆ ಎಂದು ಅವರು ಲೆಕ್ಕ ಹಾಕಿದ್ದರು. ಅಷ್ಟು ಕರಾರುವಾಕ್ಕಾದ ಒಂದು ಅಂಕಿ ಇಲ್ಲ ಎಂದು ಆಮೇಲೆ ಗೊತ್ತಾಯಿತು. ಆದರೆ ಮೂಲ ಯೋಚನೆ ಉಳಿಯಿತು. ಕಡಿಮೆ ತಿಂದು ದಿನಗಟ್ಟಲೆ ಅಭ್ಯಾಸ ಮಾಡುವ ಬ್ಯಾಲೆ ನರ್ತಕಿಯರಲ್ಲಿ, ಜಿಮ್ನಾಸ್ಟ್ ಹುಡುಗಿಯರಲ್ಲಿ ಮುಟ್ಟು ತಡವಾಗುವುದೂ ಇದಕ್ಕೆ ಹೊಂದುತ್ತದೆ.

ಕೊಬ್ಬು ಎಷ್ಟಿದೆ ಎಂದು ಮಿದುಳಿಗೆ ಹೇಳುವವರು ಯಾರು? ಉತ್ತರ 1994ರಲ್ಲಿ ಸಿಕ್ಕಿತು. ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದಲ್ಲಿ ಜೆಫ್ರಿ ಫ್ರೀಡ್‌ಮನ್ ತಂಡ ಲೆಪ್ಟಿನ್ ಎಂಬ ಹಾರ್ಮೋನನ್ನು ಪತ್ತೆ ಮಾಡಿತು. ಇದನ್ನು ಮಾಡುವುದು ಕೊಬ್ಬಿನ ಕೋಶಗಳೇ. ಕೊಬ್ಬು ಜಾಸ್ತಿಯಾದಷ್ಟೂ ರಕ್ತದಲ್ಲಿ ಲೆಪ್ಟಿನ್ ಜಾಸ್ತಿ. ಮೂರು ವರ್ಷದ ನಂತರ ಕೇಂಬ್ರಿಜ್‌ನ ವೈದ್ಯರು ಹುಟ್ಟಿನಿಂದಲೇ ಲೆಪ್ಟಿನ್ ಇಲ್ಲದ ಇಬ್ಬರು ಮಕ್ಕಳನ್ನು ಗುರುತಿಸಿದರು. ಇಂಥವರಿಗೆ ಹಸಿವು ತಣಿಯುವುದೇ ಇಲ್ಲ, ಮೈ ತುಂಬ ಕೊಬ್ಬು ಇರುತ್ತದೆ. ಅಷ್ಟಿದ್ದರೂ ತಮ್ಮಷ್ಟಕ್ಕೆ ಮೈನೆರೆಯುವುದಿಲ್ಲ. ಕೊಬ್ಬು ಇದೆ, ಆದರೆ ಸುದ್ದಿ ಮಿದುಳಿಗೆ ಮುಟ್ಟುತ್ತಿಲ್ಲ. ಲೆಪ್ಟಿನ್ ಕೊಟ್ಟಾಗ ಮೈನೆರೆಯುವ ವಯಸ್ಸಿನ ರೋಗಿಗಳಲ್ಲಿ ಬೆಳವಣಿಗೆ ಶುರುವಾಯಿತು. ಪುಟ್ಟ ಮಕ್ಕಳಿಗೆ ಕೊಟ್ಟಾಗ ಮಾತ್ರ ಅದು ಅಕಾಲದಲ್ಲಿ ಶುರುವಾಗಲಿಲ್ಲ.

ಈ ಕೊನೆಯ ಸಂಗತಿ ಬಹಳ ಮುಖ್ಯ. ಲೆಪ್ಟಿನ್ ಅನುಮತಿ ಕೊಡುತ್ತದೆ, ಆಜ್ಞೆ ಮಾಡುವುದಿಲ್ಲ. ಹಾಗಾಗಿಯೇ ದಪ್ಪ ಇರುವ ಎಲ್ಲ ಹುಡುಗಿಯರೂ ಬೇಗ ಮೈನೆರೆಯುವುದಿಲ್ಲ. ಬೇಗ ಮೈನೆರೆದವರೆಲ್ಲ ದಪ್ಪ ಇರುವುದೂ ಇಲ್ಲ. 2021ರಲ್ಲಿ ಎಂಸಿ3ಆರ್ ಎಂಬ ಇನ್ನೊಂದು ಕೊಂಡಿಯೂ ಸ್ಪಷ್ಟವಾಯಿತು. ಪೋಷಣೆಯ ಸುದ್ದಿಯನ್ನು ಬೆಳವಣಿಗೆಗೂ ಮೈನೆರೆಯುವ ಸಮಯಕ್ಕೂ ಜೋಡಿಸುವ ಮಿದುಳಿನ ಗ್ರಾಹಕ ಅದು. ಅದು ಸರಿಯಾಗಿ ಕೆಲಸ ಮಾಡದವರು ಕುಳ್ಳಗಿರುತ್ತಾರೆ, ತಡವಾಗಿ ಮೈನೆರೆಯುತ್ತಾರೆ.

ಕೊಬ್ಬಿಗೆ ಮಿದುಳನ್ನು ಬಳಸಿಕೊಳ್ಳದ ದಾರಿಗಳೂ ಇವೆ. ಮೂತ್ರಪಿಂಡದ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿ ಪುರುಷ ಹಾರ್ಮೋನಿನ ಜಾತಿಯ ಕೆಲವು ರಸಗಳನ್ನು ಮಾಡುತ್ತದೆ. ಕೊಬ್ಬಿನಲ್ಲಿರುವ ಅರೊಮಟೇಸ್ ಎಂಬ ಕಿಣ್ವ ಅವನ್ನು ಈಸ್ಟ್ರೋಜನ್ ಆಗಿ ಬದಲಿಸುತ್ತದೆ. ಇನ್ನು ತೂಕ ಏರಿದ ಮಕ್ಕಳ ರಕ್ತದಲ್ಲಿ ಇನ್ಸುಲಿನ್ ಜಾಸ್ತಿ ಇರುತ್ತದೆ. ಲೈಂಗಿಕ ಹಾರ್ಮೋನುಗಳನ್ನು ಕಟ್ಟಿಹಿಡಿಯುವ ಪ್ರೋಟೀನೊಂದನ್ನು ಪಿತ್ತಕೋಶದ ಪಕ್ಕದ ಲಿವರ್ ಮಾಡುತ್ತದಲ್ಲ, ಅದನ್ನು ಈ ಇನ್ಸುಲಿನ್ ಕಡಿಮೆ ಮಾಡಿಸುತ್ತದೆ. ಆಗ ಹಾರ್ಮೋನು ಇರುವಷ್ಟೇ ಇದ್ದರೂ ಅದರಲ್ಲಿ ಕೆಲಸಕ್ಕೆ ಸಿಗುವ ಪಾಲು ಏರುತ್ತದೆ. ಅಂದರೆ ಕೆಲವು ಹುಡುಗಿಯರಲ್ಲಿ ಮಿದುಳು ಇನ್ನೂ ಮಲಗಿರುವಾಗಲೇ ಎದೆ ಸ್ವಲ್ಪ ಬೆಳೆಯಬಹುದು.

ಇದಕ್ಕೆ ಇನ್ನೊಂದು ಗೊಂದಲ ಸೇರುತ್ತದೆ. ದಪ್ಪ ಇರುವ ಹುಡುಗಿಯ ಎದೆಯಲ್ಲಿ ಬರೀ ಕೊಬ್ಬು ತುಂಬಿಕೊಂಡಿರಬಹುದು. ನೋಡಲು ಸ್ತನದಂತೆಯೇ ಕಾಣುತ್ತದೆ, ಆದರೆ ಕೈಯಿಂದ ಒತ್ತಿ ನೋಡಿದರೆ ಮೊಲೆತೊಟ್ಟಿನ ಕೆಳಗೆ ಗಟ್ಟಿ ಗುಂಡಿಯಂಥ ಅಂಗಾಂಶ ಸಿಗುವುದಿಲ್ಲ. ಅಮೆರಿಕದಲ್ಲಿ 17,077 ಹುಡುಗಿಯರನ್ನು ನೋಡಿ 1997ರಲ್ಲಿ ಮಾರ್ಸಿಯಾ ಹರ್ಮನ್-ಗಿಡನ್ಸ್ ಪ್ರಕಟಿಸಿದ ವರದಿ ಜಗತ್ತಿನಲ್ಲೆಲ್ಲ ಸುದ್ದಿಯಾಗಿತ್ತು. ಎದೆ ಬೆಳೆಯುವ ಸರಾಸರಿ ವಯಸ್ಸು ಬಿಳಿಯ ಹುಡುಗಿಯರಲ್ಲಿ 9.96, ಕಪ್ಪು ಹುಡುಗಿಯರಲ್ಲಿ 8.87 ಎಂದು ಅದು ಹೇಳಿತ್ತು. ಅದರ ಮೇಲೆ ಬಂದ ಮುಖ್ಯ ಆಕ್ಷೇಪವೂ ಇದೇ: ಹೆಚ್ಚಿನವರನ್ನು ಕಣ್ಣಿನಿಂದ ಮಾತ್ರ ನೋಡಲಾಗಿತ್ತು. ಆಮೇಲಿನ ಅಧ್ಯಯನಗಳು ಕೈಯಿಂದ ಮುಟ್ಟಿ ಪರೀಕ್ಷಿಸಿಯೂ ವಯಸ್ಸು ಇಳಿದಿರುವುದನ್ನು ಕಂಡವು. ಹಾಗಾಗಿ ಆ ವರದಿಯ ದಿಕ್ಕು ಸರಿಯಾಗಿಯೇ ಇತ್ತು. ಆದರೆ ನಿಮ್ಮ ಮಗಳ ವಿಷಯದಲ್ಲಿ ವೈದ್ಯರು ಮುಟ್ಟಿ ನೋಡದೆ ಏನನ್ನೂ ತೀರ್ಮಾನಿಸಬಾರದು.

ಯಾವ ವಯಸ್ಸಿನ ತೂಕ?

ಇಡೀ ವಿಷಯದ ಗಂಟು ಇರುವುದು ಇಲ್ಲಿ. ಮೈನೆರೆಯುವಾಗ ಹುಡುಗಿಯರ ಮೈಗೆ ಕೊಬ್ಬು ಸೇರುವುದು ಸಹಜ. ಹತ್ತು ವರ್ಷದ ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ ನೋಡಿದರೆ ಬೇಗ ಬೆಳೆದವರು ದಪ್ಪಗೆ ಕಾಣುತ್ತಾರೆ. ದಪ್ಪ ಇದ್ದದ್ದರಿಂದ ಬೇಗ ಬೆಳೆದರೋ, ಬೇಗ ಬೆಳೆದದ್ದರಿಂದ ದಪ್ಪ ಆದರೋ? ಒಂದು ದಿನ ಅಳೆದು ಇದನ್ನು ಹೇಳಲು ಆಗುವುದಿಲ್ಲ. ಎಳವೆಯಿಂದ ಹಿಂಬಾಲಿಸಬೇಕು.

ಮಿಶಿಗನ್ ವಿಶ್ವವಿದ್ಯಾಲಯದ ಜಾಯ್ಸ್ ಲೀ ಮತ್ತು ಸಂಗಡಿಗರು ಹಾಗೆ ಹಿಂಬಾಲಿಸಿದ್ದ 354 ಹುಡುಗಿಯರ ಮಾಹಿತಿಯನ್ನು 2007ರಲ್ಲಿ ಪ್ರಕಟಿಸಿದರು. ಮೂರು ವರ್ಷ ವಯಸ್ಸಿನಲ್ಲಿ ಯಾರ ಬಿಎಂಐ ಜಾಸ್ತಿ ಇತ್ತೋ, ಮತ್ತು ಮೂರರಿಂದ ಒಂದನೇ ಕ್ಲಾಸಿಗೆ ಬರುವ ಹೊತ್ತಿಗೆ ಯಾರದ್ದು ಬೇಗ ಏರಿತೋ, ಅವರು ಬೇಗ ಮೈನೆರೆದಿದ್ದರು. ಬಿಎಂಐ ಅಂದರೆ ಕಿಲೋ ಲೆಕ್ಕದ ತೂಕವನ್ನು ಮೀಟರ್ ಲೆಕ್ಕದ ಎತ್ತರದಿಂದ ಎರಡು ಸಲ ಭಾಗಿಸಿದಾಗ ಬರುವ ಅಂಕಿ. ಮೂರು ವರ್ಷಕ್ಕೆ ಹಾರ್ಮೋನಿನ ಗಾಳಿಯೂ ಇರುವುದಿಲ್ಲ. ಹಾಗಾಗಿ ಇಲ್ಲಿ ತೂಕ ಮೊದಲು, ಮೈನೆರೆಯುವುದು ಆಮೇಲೆ ಎಂಬುದು ಸ್ಪಷ್ಟ.

ಇಂಗ್ಲೆಂಡಿನ ಬ್ರಿಸ್ಟಲ್ ಸುತ್ತಮುತ್ತ ಹುಟ್ಟಿದ ಮಕ್ಕಳ ದೊಡ್ಡ ಅಧ್ಯಯನ ಇನ್ನೂ ಹಿಂದಕ್ಕೆ ಹೋಯಿತು. ಮೊದಲ ಒಂಬತ್ತು ತಿಂಗಳಲ್ಲಿ ತೂಕ ಸರಸರನೆ ಏರಿದ ಹೆಣ್ಣು ಮಗು ಹತ್ತು ವರ್ಷಕ್ಕೆ ಹೆಚ್ಚು ಕೊಬ್ಬು ಹೊಂದಿರುತ್ತದೆ, ಬೇಗ ಮುಟ್ಟಾಗುತ್ತದೆ ಎಂದು 2009ರಲ್ಲಿ ಅದು ತೋರಿಸಿತು.

ಇನ್ನೊಂದು ಗುರುತೂ ಇದೆ. ಎಲ್ಲ ಮಕ್ಕಳೂ ಮೊದಲ ವರ್ಷ ಗುಂಡುಗುಂಡಾಗುತ್ತಾರೆ. ನಡೆಯಲು ಕಲಿತ ಮೇಲೆ ತೆಳ್ಳಗಾಗುತ್ತಾ ಹೋಗುತ್ತಾರೆ. ಐದಾರು ವರ್ಷದ ಹೊತ್ತಿಗೆ ಜೀವನದಲ್ಲೇ ಅತ್ಯಂತ ಸಣಕಲು ಅವಸ್ಥೆ. ಪಕ್ಕೆಲುಬು ಕಾಣುತ್ತದೆ, ಅಜ್ಜಿಗೆ ಚಿಂತೆ ಶುರುವಾಗುತ್ತದೆ. ಆಮೇಲೆ ಬಿಎಂಐ ಮತ್ತೆ ಏರುತ್ತದೆ. ಈ ಮರುಏರಿಕೆ ಬೇಗ ಶುರುವಾದ ಮಕ್ಕಳು ಮುಂದೆ ದಪ್ಪ ಆಗುವ ಸಂಭವ ಜಾಸ್ತಿ ಎಂದು ಫ್ರಾನ್ಸಿನ ಮಾರಿ-ಫ್ರಾನ್ಸ್ವಾಸ್ ರೋಲಾಂ-ಕಶೆರಾ 1984ರಲ್ಲೇ ಗುರುತಿಸಿದ್ದರು. ಹೆಣ್ಣುಮಕ್ಕಳಲ್ಲಿ ಅದೇ ಬೇಗ ಮೈನೆರೆಯುವುದಕ್ಕೂ ತಳಕು ಹಾಕಿಕೊಂಡಿದೆ. ಅಂದರೆ ಐದು ವರ್ಷದ ಮಗಳು ಚುರುಕಾಗಿದ್ದು, ಎತ್ತರ ಸರಿಯಾಗಿ ಏರುತ್ತಾ, ತೆಳ್ಳಗೆ ಕಾಣುತ್ತಿದ್ದರೆ ಅವಳು ಇರಬೇಕಾದ ಹಾಗೇ ಇದ್ದಾಳೆ. ನಾವು ಮಾಡುವುದೇನು? ಮಗು ಸೊರಗಿದೆ ಎಂದು ಟಿನ್ನಿನ ಪುಡಿ ಬೆರೆಸಿದ ಹಾಲು ದಿನಕ್ಕೆ ಮೂರು ಲೋಟ, ಟಿವಿ ಮುಂದೆ ಕೂರಿಸಿ ಬಾಯಿಗೆ ತುರುಕುವ ತುತ್ತು. ಪ್ರೀತಿಯಿಂದಲೇ ಮಾಡುತ್ತೇವೆ, ಅದರಲ್ಲಿ ಅನುಮಾನವಿಲ್ಲ. ಆದರೆ ದೇಹ ಇಳಿಯಬೇಕಾದ ಹೊತ್ತಿನಲ್ಲಿ ನಾವು ಏರಿಸುತ್ತಿದ್ದೇವೆ.

ಭಾರತದ ಮಕ್ಕಳಿಗೆ ಈ ಮಾತು ಇನ್ನೂ ಹೆಚ್ಚು ಅನ್ವಯಿಸುತ್ತದೆ. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ತಂಡ ಅಲ್ಲಿನ ಹಳ್ಳಿಗಳ ನವಜಾತ ಶಿಶುಗಳನ್ನು ಇಂಗ್ಲೆಂಡಿನ ಸೌತಾಂಪ್ಟನ್ ಶಿಶುಗಳ ಜೊತೆ ಹೋಲಿಸಿ 2003ರಲ್ಲಿ ಬರೆಯಿತು. ನಮ್ಮ ಮಕ್ಕಳ ಸರಾಸರಿ ತೂಕ 2.7 ಕೆಜಿ, ಅಲ್ಲಿಯದು 3.5. ಸ್ನಾಯು, ಹೊಟ್ಟೆಯ ಅಂಗಗಳು ಎಲ್ಲ ಚಿಕ್ಕವು. ಬೆನ್ನಿನ ಚರ್ಮದ ಕೆಳಗಿನ ಕೊಬ್ಬು ಮಾತ್ರ ಅಷ್ಟಾಗಿ ಕಡಿಮೆ ಇರಲಿಲ್ಲ. ನಮ್ಮ ಮೈಸೂರಿನಲ್ಲೂ ಇದೇ ಕಂಡಿತು. ಅಲ್ಲಿನ ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆಯಲ್ಲಿ 1997-98ರಲ್ಲಿ ಗರ್ಭಿಣಿಯರನ್ನು ಸೇರಿಸಿಕೊಂಡು ಶುರುವಾದ ಪಾರ್ಥೆನಾನ್ ಅಧ್ಯಯನ ಅವರ ಮಕ್ಕಳನ್ನು ವರ್ಷಗಟ್ಟಲೆ ಅಳೆಯುತ್ತಾ ಬಂದಿದೆ. ಹುಟ್ಟಿದಾಗ ಚಿಕ್ಕವೇ ಆದರೂ ಬೆನ್ನಿನ ಕೊಬ್ಬು ಉಳಿಸಿಕೊಂಡ ಮಕ್ಕಳು, ಮುಂದೆ ನಾಲ್ಕು ವರ್ಷವಾದಾಗಲೂ ಹಾಗೇ ಇದ್ದರು. ಬಸಿರಿನಲ್ಲಿ ಸಕ್ಕರೆ ಕಾಯಿಲೆ ಬಂದಿದ್ದ ತಾಯಂದಿರ ಹೆಣ್ಣುಮಕ್ಕಳಲ್ಲಿ ಐದು ವರ್ಷಕ್ಕೇ ಕೊಬ್ಬು ಜಾಸ್ತಿ ಇತ್ತು.

ತೂಕ ಕಡಿಮೆ ಇಟ್ಟುಕೊಂಡು ಹುಟ್ಟಿ, ಆಮೇಲೆ ವೇಗವಾಗಿ ತೂಕ ಏರಿಸಿಕೊಳ್ಳುವ ಹುಡುಗಿಯರ ಮೇಲೆ ಬಾರ್ಸಿಲೋನಾದ ಲೂರ್ದೆಸ್ ಇಬಾನ್ಯೆಸ್ ಬಹಳ ವರ್ಷ ಕೆಲಸ ಮಾಡಿದ್ದಾರೆ. ಬೇಗ ಕೂದಲು, ಬೇಗ ಮುಟ್ಟು, ಇನ್ಸುಲಿನ್ ಏರಿಕೆ ಇವು ಇಂಥವರಲ್ಲಿ ಒಟ್ಟಿಗೆ ಬರುವುದನ್ನು ಅವರು ಮತ್ತೆಮತ್ತೆ ಕಂಡಿದ್ದಾರೆ. ಸ್ವೀಡನ್ನಿನ ದತ್ತು ಮಕ್ಕಳ ಕಥೆಯೂ ಇದೇ ಜಾಡಿನದು. ಚಿಕ್ಕದಾಗಿ ಹುಟ್ಟಿದ ಮಗು ಬೆಳೆಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಹಸಿವಿನಲ್ಲಿ ಬಿಡುವುದು ಪರಿಹಾರವೇ ಅಲ್ಲ. ನೋಡಬೇಕಾದ್ದು ಎತ್ತರ ಮತ್ತು ತೂಕ ಜೊತೆಜೊತೆಗೆ ಏರುತ್ತಿವೆಯೇ ಎಂದು. ಎತ್ತರ ನಿಂತಲ್ಲೇ ನಿಂತು ತೂಕ ಮಾತ್ರ ಓಡಿದರೆ ಮಗುವಿನ ಊಟದಲ್ಲಿ ಬೇಳೆಕಾಳು, ಮೊಟ್ಟೆ, ಹಾಲು, ಸೊಪ್ಪು ಕಡಿಮೆಯಾಗಿ ಬಿಸ್ಕತ್ತು, ಸಕ್ಕರೆ, ಕರಿದ ತಿಂಡಿ ಜಾಸ್ತಿಯಾಗಿದೆಯೇ ಎಂದು ಮೊದಲು ನೋಡಿಕೊಳ್ಳಬೇಕು.

ತೂಕವೇ ಎಲ್ಲವೂ ಅಲ್ಲ

ಕೋಪನ್‌ಹೇಗನ್ ಲೆಕ್ಕಕ್ಕೆ ಮತ್ತೆ ಒಂದು ಮಾತು ಸೇರಿಸಬೇಕು. ಹದಿನೈದು ವರ್ಷದಲ್ಲಿ ಒಂದು ವರ್ಷ ಇಳಿದದ್ದಕ್ಕೆ ಬಿಎಂಐ ಕಾರಣ ಎಂದು ಅಲ್ಲಿನವರು ತೋರಿಸಲು ಆಗಲಿಲ್ಲ. ಅದನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಇಳಿಕೆ ಹಾಗೇ ಉಳಿಯಿತು. ಪ್ಲಾಸ್ಟಿಕ್ಕು, ಕೀಟನಾಶಕ, ಸೌಂದರ್ಯ ಸಾಧನಗಳಲ್ಲಿರುವ, ಹಾರ್ಮೋನಿನಂತೆ ವರ್ತಿಸುವ ರಾಸಾಯನಿಕಗಳ ಮೇಲೆ ಅನುಮಾನ ಇದೆ. ಅನುಮಾನ ಗಟ್ಟಿಯಾದದ್ದೇ, ಆದರೆ ಒಂದೊಂದರ ಪಾಲು ಇಷ್ಟೇ ಎಂದು ಬೊಟ್ಟು ಮಾಡುವ ಹಂತಕ್ಕೆ ವಿಜ್ಞಾನ ಬಂದಿಲ್ಲ.

ವಂಶವಾಹಿಯ ಪಾಲು ದೊಡ್ಡದು. ಅಮ್ಮ ಹನ್ನೊಂದಕ್ಕೆ ಮುಟ್ಟಾಗಿದ್ದರೆ ಮಗಳೂ ಆಸುಪಾಸಿನಲ್ಲೇ ಆಗುವ ಸಂಭವ ಜಾಸ್ತಿ. ಸುಮಾರು 8 ಲಕ್ಷ ಮಹಿಳೆಯರ ಮಾಹಿತಿ ಸೇರಿಸಿ 2024ರಲ್ಲಿ ಪ್ರಕಟವಾದ ಅಧ್ಯಯನ, ಮುಟ್ಟಿನ ವಯಸ್ಸಿನ ಮೇಲೆ ಪ್ರಭಾವ ಬೀರುವ ಸಾವಿರಕ್ಕೂ ಮೀರಿದ ವಂಶವಾಹಿ ವ್ಯತ್ಯಾಸಗಳನ್ನು ಗುರುತಿಸಿತು. ಅವುಗಳಲ್ಲಿ ಒಂದಷ್ಟು ಎಳವೆಯಲ್ಲಿ ತೂಕ ಏರಿಸುವ ಮೂಲಕವೇ ಕೆಲಸ ಮಾಡುತ್ತವೆ, ಇನ್ನೊಂದಷ್ಟು ತೂಕದ ಗೊಡವೆಗೇ ಹೋಗುವುದಿಲ್ಲ. ಕೊರೋನಾ ಲಾಕ್‌ಡೌನ್ ಸಮಯದಲ್ಲಿ ಇಟಲಿಯಲ್ಲೂ ನಮ್ಮ ಪುಣೆಯಲ್ಲೂ ಅಕಾಲದಲ್ಲಿ ಮೈನೆರೆದ ಹುಡುಗಿಯರು ವೈದ್ಯರ ಬಳಿ ಜಾಸ್ತಿ ಬಂದರು. ಮನೆಯೊಳಗೇ ಕೂತದ್ದು, ನಿದ್ದೆ ಕೆಟ್ಟದ್ದು, ಮನಸ್ಸಿನ ಒತ್ತಡ, ತೂಕ ಎಲ್ಲವೂ ಒಟ್ಟಿಗೆ ಬದಲಾದ ಕಾಲ ಅದು. ಯಾವುದರ ಕೈವಾಡ ಎಷ್ಟು ಎಂದು ಬಿಡಿಸುವುದು ಕಷ್ಟ.

ಇನ್ನು ಫಾರಂ ಕೋಳಿ. ಬ್ರಾಯ್ಲರ್ ಕೋಳಿ ಆರು ವಾರದಲ್ಲಿ ಎರಡು ಕೆಜಿ ಬೆಳೆಯುವುದು ತಳಿಯ ಆಯ್ಕೆಯಿಂದ ಮತ್ತು ಆಹಾರದಿಂದ. ಶೆಡ್ಡಿನಲ್ಲಿರುವ ಸಾವಿರಾರು ಕೋಳಿಗಳಿಗೆ ಹಾರ್ಮೋನು ಚುಚ್ಚಬೇಕಾದ ಅಗತ್ಯವೂ ಇಲ್ಲ, ಅದರಿಂದ ಸಾಕುವವರಿಗೆ ಲಾಭವೂ ಇಲ್ಲ. ಹಸುವಿಗೆ ಚುಚ್ಚುವ ಆಕ್ಸಿಟೋಸಿನ್ ಹಾಲಿನಲ್ಲಿ ಬಂದು ಹುಡುಗಿಯರನ್ನು ಬೇಗ ದೊಡ್ಡವರನ್ನಾಗಿ ಮಾಡುತ್ತದೆ ಎನ್ನುವುದೂ ಹೀಗೇ. ಅದು ಪ್ರೋಟೀನಿನ ಜಾತಿಯ ಸಣ್ಣ ಅಣು, ಹೊಟ್ಟೆಯಲ್ಲಿ ಜೀರ್ಣವಾಗಿ ಹೋಗುತ್ತದೆ. ಹಸುವಿಗೆ ಹಾಗೆ ಚುಚ್ಚುವುದು ಕ್ರೌರ್ಯ, ತಡೆಯಲೇಬೇಕು, ಆದರೆ ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಕೋಳಿ ಬಿಡಿಸಿ, ಹಾಲು ಬಿಡಿಸಿ, ಬೆಳೆಯುವ ಮಗುವಿಗೆ ಇರುವ ಒಳ್ಳೆಯ ಪ್ರೋಟೀನನ್ನೇ ತಪ್ಪಿಸುವ ಮನೆಗಳನ್ನು ನೋಡಿದರೆ ಸಂಕಟವಾಗುತ್ತದೆ. ಅದೇ ಮನೆಯ ಫ್ರಿಜ್ಜಿನಲ್ಲಿ ಎರಡು ಲೀಟರ್ ಬಾಟಲಿಯ ತಂಪು ಪಾನೀಯ ಇರುತ್ತದೆ. ಅಮೆರಿಕದಲ್ಲಿ 5,583 ಹುಡುಗಿಯರನ್ನು ಹಿಂಬಾಲಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನಕ್ಕೆ ಒಂದೂವರೆ ಸಲಕ್ಕಿಂತ ಜಾಸ್ತಿ ಸಕ್ಕರೆ ಪಾನೀಯ ಕುಡಿಯುತ್ತಿದ್ದವರು, ವಾರಕ್ಕೆ ಎರಡು ಸಲ ಮೀರದವರಿಗಿಂತ ಸರಾಸರಿ 2.7 ತಿಂಗಳು ಬೇಗ ಮುಟ್ಟಾಗಿದ್ದರು. ಬಿಎಂಐ ವ್ಯತ್ಯಾಸ ಕಳೆದ ಮೇಲೂ ನಂಟು ಉಳಿದಿತ್ತು. ದೊಡ್ಡ ಅಂತರವೇನಲ್ಲ. ಆದರೆ ಕೋಳಿಯ ಮೇಲೆ ಹೊರಿಸುವ ಆರೋಪಕ್ಕೆ ಇಷ್ಟೂ ಆಧಾರವಿಲ್ಲ.

ಬೇಗ ಆದರೆ ಏನು ತೊಂದರೆ?

ಈಸ್ಟ್ರೋಜನ್ ಮೊದಲು ಎತ್ತರ ಏರಿಸುತ್ತದೆ, ಆಮೇಲೆ ಮೂಳೆಯ ತುದಿಗಳನ್ನು ಮುಚ್ಚುತ್ತದೆ. ಆದ್ದರಿಂದ ನಾಲ್ಕನೇ ಕ್ಲಾಸಿನಲ್ಲಿ ಸಾಲಿನ ಹಿಂದೆ ನಿಲ್ಲುತ್ತಿದ್ದ ಹುಡುಗಿ ಹತ್ತನೇ ಕ್ಲಾಸಿನಲ್ಲಿ ಮುಂದೆ ನಿಲ್ಲಬಹುದು. ಮುಂದಿನ ಜೀವನದಲ್ಲಿ ಟೈಪ್ 2 ಸಕ್ಕರೆ ಕಾಯಿಲೆಯ ಸಂಭವ ಸ್ವಲ್ಪ ಏರುತ್ತದೆ. ಮುಟ್ಟು ಒಂದೊಂದು ವರ್ಷ ಬೇಗ ಬಂದಷ್ಟೂ ಸ್ತನ ಕ್ಯಾನ್ಸರಿನ ಅಪಾಯ ಸುಮಾರು 5 ಶೇಕಡಾ ಏರುತ್ತದೆ ಎಂದು 2012ರಲ್ಲಿ ನೂರಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟು ಸೇರಿಸಿ ಲೆಕ್ಕ ಹಾಕಲಾಯಿತು. ಇದು ಇರುವ ಅಪಾಯದ ಮೇಲೆ 5 ಶೇಕಡಾ. ನೂರರಲ್ಲಿ ಐದು ಜನರಿಗೆ ಹೆಚ್ಚಾಗಿ ಬರುತ್ತದೆ ಎಂದು ಓದಿಕೊಳ್ಳಬಾರದು.

ನನಗೆ ಇವೆಲ್ಲಕ್ಕಿಂತ ಜಾಸ್ತಿ ಕಾಡುವುದು ಬೇರೆ. ಮೈ ಬೆಳೆದಷ್ಟು ಬೇಗ ಮನಸ್ಸು ಬೆಳೆಯುವುದಿಲ್ಲ. ಒಂಬತ್ತು ವರ್ಷದವಳು ಒಂಬತ್ತು ವರ್ಷದವಳೇ. ಅವಳಿಗೆ ಕುಂಟೆಬಿಲ್ಲೆ ಆಡಬೇಕು, ಅಪ್ಪನ ಹೆಗಲೇರಬೇಕು. ಎದೆ ಕಾಣತೊಡಗಿದ ದಿನದಿಂದ ಸುತ್ತಲಿನವರು ಅವಳನ್ನು ದೊಡ್ಡವಳೆಂದೇ ನೋಡುತ್ತಾರೆ. ಓಡಬೇಡ, ಗಂಡುಮಕ್ಕಳ ಜೊತೆ ಆಡಬೇಡ, ವೇಲ್ ಹಾಕಿಕೋ. ಆಟ ನಿಲ್ಲುತ್ತದೆ. ಆಟ ನಿಂತರೆ ತೂಕ ಇನ್ನೂ ಏರುತ್ತದೆ. ಶಾಲೆಯಲ್ಲಿ ಗೇಲಿ, ಬೀದಿಯಲ್ಲಿ ಕೆಟ್ಟ ಕಣ್ಣು. ಬೇಗ ಮೈನೆರೆದ ಹುಡುಗಿಯರಲ್ಲಿ ಖಿನ್ನತೆ ಜಾಸ್ತಿ ಎಂದು ಹಲವು ದೇಶಗಳ ಅಧ್ಯಯನಗಳು ಹೇಳುತ್ತವೆ. ಅದರಲ್ಲಿ ಹಾರ್ಮೋನಿನ ಪಾಲು ಇದ್ದೀತು. ಸುತ್ತಲಿನವರ ನಡವಳಿಕೆಯ ಪಾಲು ಚಿಕ್ಕದಲ್ಲ, ಅಲ್ವಾ?

ಅದಕ್ಕೇ ಈ ಹೊತ್ತಿನಲ್ಲಿ ಅವಳಿಗೆ ಡಯಟ್ ಮಾಡಿಸುವುದು ತಪ್ಪು. ತಾನು ದಪ್ಪ ಇದ್ದದ್ದರಿಂದಲೇ ಹೀಗಾಯಿತು ಎಂಬ ಭಾವನೆ ಒಮ್ಮೆ ತಲೆಗೆ ಹೊಕ್ಕರೆ ತೆಗೆಯುವುದು ಕಷ್ಟ. ಎತ್ತರ ಏರುವ ವರ್ಷಗಳಲ್ಲಿ ಊಟ ಕತ್ತರಿಸಿದರೆ ಮೂಳೆಗೂ ಪೆಟ್ಟು. ಬದಲಾಯಿಸುವುದಿದ್ದರೆ ಇಡೀ ಮನೆಯ ಅಡುಗೆ ಬದಲಾಗಲಿ, ಎಲ್ಲರೂ ಸಂಜೆ ಹೊರಗೆ ಹೋಗಲಿ, ಎಲ್ಲರ ಮೊಬೈಲೂ ರಾತ್ರಿ ಬೇಗ ಆಫ್ ಆಗಲಿ. ಅವಳೊಬ್ಬಳ ತಟ್ಟೆಯಿಂದ ಮಾತ್ರ ಹೋಳಿಗೆ ಎತ್ತಿಡಬೇಡಿ.

ವೈದ್ಯರ ಹತ್ತಿರ ಯಾವಾಗ?

ಎಂಟು ವರ್ಷ ತುಂಬುವ ಮೊದಲೇ ಎದೆ ಬೆಳೆಯತೊಡಗಿದರೆ, ಹತ್ತಕ್ಕಿಂತ ಮೊದಲೇ ಮುಟ್ಟಾದರೆ ತೋರಿಸಬೇಕು. ಎಂಟಾದ ಮೇಲೆ ಶುರುವಾದರೂ ಒಂದು ಹಂತದಿಂದ ಇನ್ನೊಂದಕ್ಕೆ ತೀರಾ ವೇಗವಾಗಿ ಹೋಗುತ್ತಿದ್ದರೆ ತೋರಿಸಬೇಕು. ತಲೆನೋವು, ವಾಂತಿ, ದೃಷ್ಟಿ ಮಂಜಾಗುವುದು ಜೊತೆಗಿದ್ದರೆ ಒಂದು ದಿನವೂ ಕಾಯಬಾರದು. ಇನ್ನೊಂದು ಕಡೆಯ ಮಿತಿಯೂ ಇದೆ: ಹದಿಮೂರಾದರೂ ಎದೆ ಬೆಳೆಯದಿದ್ದರೆ, ಹದಿನೈದಾದರೂ ಮುಟ್ಟಾಗದಿದ್ದರೆ.

ಮಕ್ಕಳ ಹಾರ್ಮೋನು ತಜ್ಞರು ಮುಟ್ಟಿ ಪರೀಕ್ಷಿಸಿ, ಎಡಗೈಯ ಎಕ್ಸ್‌ರೇ ತೆಗೆಸುತ್ತಾರೆ. ಮಣಿಕಟ್ಟಿನ ಮೂಳೆಗಳನ್ನು ನೋಡಿ ಮೂಳೆಯ ವಯಸ್ಸು ಎಷ್ಟೆಂದು ಹೇಳಬಹುದು. ಎಂಟು ವರ್ಷದವಳ ಮೂಳೆ ಹನ್ನೊಂದರದ್ದಾಗಿದ್ದರೆ ಎತ್ತರದ ಸಮಯ ಕೈಜಾರುತ್ತಿದೆ ಎಂದರ್ಥ. ರಕ್ತಪರೀಕ್ಷೆ, ಸ್ಕ್ಯಾನ್ ಬೇಕಾದರೆ ಮಾಡಿಸುತ್ತಾರೆ. ಮಿದುಳೇ ಬೇಗ ಎಚ್ಚರಗೊಂಡಿದೆ ಎಂದು ಖಚಿತವಾದರೆ ಅದನ್ನು ಮತ್ತೆ ಮಲಗಿಸುವ ಇಂಜೆಕ್ಷನ್ ಇದೆ. ತಿಂಗಳಿಗೊಮ್ಮೆ ಅಥವಾ ಮೂರು ತಿಂಗಳಿಗೊಮ್ಮೆ ಕೊಡುತ್ತಾರೆ. ನಿಲ್ಲಿಸಿದ ಮೇಲೆ ಬೆಳವಣಿಗೆ ತನ್ನಷ್ಟಕ್ಕೆ ಮುಂದುವರಿಯುತ್ತದೆ. ಹತ್ತು ವರ್ಷ ದಾಟಿದವಳಿಗೆ ಅಕ್ಕಪಕ್ಕದವರ ಮಾತು ಕೇಳಿ ಸುಮ್ನೆ ಇಂಜೆಕ್ಷನ್ ಹಾಕಿಸಲು ಓಡುವುದು ಬೇಡ. ಆ ವಯಸ್ಸಿನಲ್ಲಿ ಅದರಿಂದ ಎತ್ತರಕ್ಕೆ ಸಿಗುವ ಲಾಭ ಬಹಳ ಕಡಿಮೆ.

ಪುಟ್ಟ ಹೆಣ್ಣುಮಕ್ಕಳಿರುವ ಮನೆಯವರಿಗೆ ಮಾಡಲು ಸುಲಭದ ಕೆಲಸವೊಂದಿದೆ. ತಾಯಿ ಕಾರ್ಡಿನಲ್ಲಿ ಬೆಳವಣಿಗೆಯ ಗೆರೆಗಳಿರುತ್ತವೆ. ಅಂಗನವಾಡಿಯಲ್ಲಿ ತೂಕ ಬರೆಯುತ್ತಾರೆ, ಆದರೆ ಅಲ್ಲಿ ಎಲ್ಲರ ಗಮನ ತೂಕ ಕಡಿಮೆ ಇರುವವರ ಮೇಲೆ. ನಮ್ಮಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಕುಳ್ಳಗಿರುವವರು 35.5 ಶೇಕಡಾ ಇರುವಾಗ ಅದು ಸಹಜ. ಅದೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019-21ರ ಸುತ್ತಿನಲ್ಲಿ ತೂಕ ಮೀರಿದ ಮಕ್ಕಳು 3.4 ಶೇಕಡಾ, ಹಿಂದಿನ ಸುತ್ತಿನಲ್ಲಿ 2.1 ಇದ್ದದ್ದು. ಹಾಗಾಗಿ ಗೆರೆಯನ್ನು ದಾಟಿ ಮೇಲೆ ಹೋಗುತ್ತಿರುವ ಮಗುವನ್ನು ನೀವೇ ಗಮನಿಸಬೇಕು. ಒಂದೂವರೆ ವರ್ಷದ ಬೂಸ್ಟರ್ ಲಸಿಕೆಗೆ, ಮತ್ತೆ ಐದು ವರ್ಷದ ಬೂಸ್ಟರ್‌ಗೆ ಹೇಗೂ ಆಸ್ಪತ್ರೆಗೆ ಹೋಗುತ್ತೀರಿ. ಆಗ ತೂಕದ ಜೊತೆ ಎತ್ತರವನ್ನೂ ಅಳೆದು ಬರೆಯಿರಿ ಎಂದು ಸಿಸ್ಟರ್‌ಗೆ ಕೇಳಿ. ಐದು ದಾಟಿದ ಮೇಲೆ ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿ 2015ರಲ್ಲಿ ಮಾಡಿದ ಬಿಎಂಐ ಚಾರ್ಟ್ ಇದೆ. ನಮ್ಮ ಮಕ್ಕಳಿಗೆ ಕೊಬ್ಬು ಬೇಗ ಸೇರುತ್ತದೆಂದು ಅದರಲ್ಲಿ ಎಚ್ಚರಿಕೆಯ ಗೆರೆಗಳನ್ನು ವಯಸ್ಕರ 23 ಮತ್ತು 27ಕ್ಕೆ ಸರಿಹೊಂದುವಂತೆ ಎಳೆದಿದ್ದಾರೆ, ಪಶ್ಚಿಮದ 25 ಮತ್ತು 30ಕ್ಕಲ್ಲ. ವರ್ಷಕ್ಕೆ ಎರಡು ಚುಕ್ಕಿ ಇಟ್ಟರೆ ಸಾಕು. ಎರಡು ಚುಕ್ಕಿಗಳ ನಡುವೆ ಮಗಳು ಒಂದು ಗೆರೆ ದಾಟಿ ಮೇಲಕ್ಕೆ ಹೋಗಿದ್ದರೆ ಮುಂದಿನ ಸಲ ಹೋದಾಗ ಆ ಚಾರ್ಟನ್ನೇ ಡಾಕ್ಟರ ಮುಂದೆ ಇಡಿ.